ಮೂರನೆಯ ಕೋಟೆಯ ದಳಪತಿ

ಹೋಳಿ ಮುಗಿದ ಮರುವಾರ, ಹಿತ್ತಲಿನ ಮೂಲೆಯಲ್ಲಿ ಬೋರಲು ಬಿದ್ದಿದ್ದ ಕೂಲರನ್ನು ಒಳಗೆ ತಂದೆವು. ಹಳೆಯ ಹುಲ್ಲು ಕಿತ್ತೆಸೆದು, ಪೇಟೆಯಿಂದ ತಂದ ಹೊಸ ಹುಲ್ಲು ತುಂಬಿ, ಎರಡು ಕೊಡ ನೀರು ಹೊಯ್ದು ಸ್ವಿಚ್ ಒತ್ತಿದೆ. ಗುರ್ರೆಂದು ಸದ್ದು ಮಾಡಿ ಮೊದಲ ಗಾಳಿ ಬಿಟ್ಟಿತು. ಬೇಸಿಗೆ ಬಂತೆನ್ನುವ ಆ ಹಸಿ ಹುಲ್ಲಿನ ವಾಸನೆ ಮುಖಕ್ಕೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಫೋನು ಹುಡುಕಿತು. ಗೋಡೆಗೆ ಒರಗಿ ಕುಳಿತಿದ್ದ ನಮ್ಮ ಅತ್ತೆ ಅದನ್ನು ನೋಡಿ ಬಿದ್ದು ಬಿದ್ದು ನಕ್ಕರು. "ಇನ್ನೂ ಹೋಗಿಲ್ಲೇನ್ ನಿನ್ನ ದಳಪತಿ ಹುಚ್ಚು?" ಎಂದರು.

ಹೋಗಿಲ್ಲ. ಹೋಗುವ ಲಕ್ಷಣವೂ ಇಲ್ಲ. ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿ, ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ದಿನಾ ಮಧ್ಯಾಹ್ನ ಹನ್ನೆರಡರಿಂದ ಐದರ ತನಕ ನಾನು ಒಂದು ಕೋಟೆಯ ದಳಪತಿಯಾಗಿದ್ದೆ. ಕೆಂಪು ಮೇಲಂಗಿ, ಸೊಂಟಕ್ಕೆ ಕತ್ತಿ, ಏರಲು ಬಿಳಿ ಕುದುರೆ. ಉಳಿದ ಹೊತ್ತು ಚಿತ್ತಾಪುರದ ಒಂದು ಸರ್ಕಾರಿ ಪ್ರೌಢಶಾಲೆಯ ಸಮಾಜ ವಿಜ್ಞಾನದ ಟೀಚರು, ಚಿಂಚೋಳಿ ರೂಟಿನ ಬಸ್ ಕಂಡಕ್ಟರೊಬ್ಬರ ಹೆಂಡತಿ, ರೊಟ್ಟಿ ದುಂಡಗೆ ಬಡಿಯಲು ಬಾರದ ಸೊಸೆ.

ನಮ್ಮ ಶಹಾಬಾದಿನ ಬೇಸಿಗೆ ಗೊತ್ತಿಲ್ಲದವರಿಗೆ ಒಂದು ಮಾತು. ಬೆಳಗ್ಗೆ ಹನ್ನೊಂದಕ್ಕೆ ಊರು ಬಾಗಿಲು ಹಾಕಿಕೊಳ್ಳುತ್ತದೆ. ಸಂಜೆ ಐದರವರೆಗೆ ರಸ್ತೆಯಲ್ಲಿ ನಾಯಿ ಕೂಡ ಕಾಣುವುದಿಲ್ಲ. ಗಾಳಿ ಬೀಸಿದರೆ ಯಾರೋ ಒಲೆಯ ಬಾಯಿ ತೆರೆದ ಹಾಗೆ ಇರುತ್ತದೆ. ನಾವು ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿಗೆ ಹಳೆಯ ಕೌದಿ ಇಳಿಬಿಟ್ಟು, ಆ ತಣ್ಣನೆಯ ಕಲ್ಲಿನ ಮೇಲೆ ಚಾಪೆಯೂ ಇಲ್ಲದೆ ಉರುಳಿಕೊಳ್ಳುತ್ತೇವೆ. ಮಲಗಿದವರಿಗೆ ನಿದ್ದೆ ಬರುವುದಿಲ್ಲ, ಎದ್ದವರಿಗೆ ಕೆಲಸ ಸಾಗುವುದಿಲ್ಲ. ದಿನಕ್ಕೆ ಆರು ಗಂಟೆ ಹೀಗೆ ಬಿದ್ದುಕೊಂಡಿರುವ ಮನುಷ್ಯರಿಗೆ ಯಾವ ಹುಚ್ಚು ಬೇಕಾದರೂ ಹಿಡಿಯಬಹುದು.

ನನಗೆ ಆ ಹುಚ್ಚು ಹಿಡಿಸಿದವರು ಸೇಡಂನ ಗೌಸ್ ಭಾಯಿ. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವರು. ಮಾರ್ಚಿನಲ್ಲಿ ಅಲ್ಲಿಗೆ ಒಂದು ತರಬೇತಿಗೆ ಹೋದಾಗ ನನ್ನ ಫೋನು ಕೈಕೊಟ್ಟಿತು. ಸಂಜೆ ವಾಪಸು ಇಸಗೊಳ್ಳಲು ಹೋದರೆ, ಫೋನಿನ ಪರದೆಯ ಮೇಲೆ ಏಳು ಗೋಪುರದ ಚಿತ್ರವೊಂದು ಮಿನುಗುತ್ತಿತ್ತು.

"ಇದೇನ್ ಭಾಯಿ?"

"ಏಳು ಕೋಟೆ ಅಂತ ಆಟ ಅದ ರೀ. ನಾ ಎಲ್ಲಾ ಗಿರಾಕಿ ಫೋನಿಗೂ ಹಾಕಿ ಕೊಡ್ತೀನಿ. ಬ್ಯಾಸಗಿ ರಜಾದಾಗ ಏನ್ ಮಾಡ್ತೀರಿ ಟೀಚರಮ್ಮ?"

"ಹಪ್ಪಳ ಒಣಗಿಸ್ತೀನಿ."

"ಹಪ್ಪಳ ತಾನೇ ಒಣಗ್ತದ, ನೀವು ಕಾಯ್ದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಜರಾ ಆಡಿ ನೋಡ್ರಿ."

ಆಡಿ ನೋಡಿದೆ. ಯಾವ ಯಾವ ದೇಶದವರೋ ಸೇರಿ ಆಡುವ ದೊಡ್ಡ ಆಟ ಅದು. ಒಂದೊಂದು ಕೋಟೆಯಲ್ಲಿ ಮೂವತ್ತು ಜನ. ಒಳಗೆ ಹೋದ ಮೇಲೆ ನೀವು ನೀವಲ್ಲ. ಒಬ್ಬ ಬಿಲ್ಲುಗಾರ, ಒಬ್ಬ ಕಮ್ಮಾರ, ಒಬ್ಬ ಮದ್ದು ಕೊಡುವವಳು. ವೇಷಕ್ಕೆ ತಕ್ಕಂತೆ ಮಾತಾಡಬೇಕು, ಬರೆದಾದರೂ ಸರಿ, ದನಿಯಲ್ಲಾದರೂ ಸರಿ. ಮೂರನೆಯ ಕೋಟೆ ಗೌಸ್ ಭಾಯಿಯ ಗಿರಾಕಿಗಳದೇ ಆಗಿತ್ತು. ಸೇಡಂ, ವಾಡಿ, ಕಾಳಗಿ, ಚಿಂಚೋಳಿ, ಎಲ್ಲ ಕಡೆಯವರೂ ಇದ್ದರು. ಕಮ್ಮಾರ ಸ್ವತಃ ಗೌಸ್ ಭಾಯಿ. ಹೆಬ್ಬಾಗಿಲ ಬಿಲ್ಲುಗಾರ ವಾಡಿಯ ರಾಜು, ರೈಲ್ವೆ ಹಳಿ ನೋಡಿಕೊಳ್ಳುವ ಕೆಲಸದವನು. "ಎಲೈ ಶತ್ರುವೇ, ನಿಲ್ಲು!" ಎಂದು ಗಂಭೀರವಾಗಿ ಶುರು ಮಾಡಿ, ಮರುಗಳಿಗೆ "ಊಟ ಆತೇನ್ರಿ ಎಲ್ಲರ್ದೂ?" ಎಂದು ಕೇಳುವ ಕೋಟೆ ನಮ್ಮದು.

ನಾನು ಸೇರಿದ ವಾರಕ್ಕೇ ಹಳೆಯ ದಳಪತಿ ಬಿಟ್ಟು ಹೋದ. ಡಿಗ್ರಿ ಪರೀಕ್ಷೆಯಂತೆ ಪಾಪ. ಆ ಜಾಗಕ್ಕೆ ಯಾರೂ ಮುಂದೆ ಬರಲಿಲ್ಲ. ದಳಪತಿ ಎಂದರೆ ಸಂಬಳವಿಲ್ಲದ ಹೆಡ್‌ಮಾಸ್ಟರು. ಹಾಜರಿ ಹಾಕಬೇಕು, ಕಾವಲಿಗೆ ಪಾಳಿ ಹಚ್ಚಬೇಕು, ಜಗಳ ಬಿಡಿಸಬೇಕು. ಯುದ್ಧದಲ್ಲಿ ಮೊದಲು ನಿಂತು, ಗೆದ್ದದ್ದು ಹಂಚುವಾಗ ಕೊನೆಗೆ ಕೈಚಾಚಬೇಕು. ಕೆಳಗಿನವರಿಗೆ ಒರಟು ಮಾತು ಆಡುವ ಹಾಗಿಲ್ಲ. ಇದೆಲ್ಲ ನನಗೆ ಹದಿನಾರು ವರ್ಷದ ರೂಢಿ. ಒರಟು ಮಾತಿನದೊಂದು ಬಿಟ್ಟು.

ಗೌಸ್ ಭಾಯಿ ಫೋನು ಮಾಡಿದರು. "ಟೀಚರಮ್ಮ, ನೀವೇ ಆಗ್ರಿ. ಖರೇ ಹೇಳ್ತೀನಿ, ನಿಮಗ ಬಿಟ್ರ ಯಾರಿಗೂ ಆಗಂಗಿಲ್ಲ. ಒಂದೇ ಷರತ್ತು ಅದ, ದಳಪತಿ ಆಗಬೇಕಂದ್ರ ರಾಜಮನೆತನ ಇರಬೇಕು. ಮನೆತನದ ಖಾನೆ ಖಾಲಿ ಬಿಟ್ಟೀರಲ್ಲ, ವಂಶ ಏನ್ ಹಾಕ್ಲಿ?"

ಭಾಯಿ ತಾವೇ ನಕ್ಕು, "ಫಿಕರ್ ಬ್ಯಾಡ್ರಿ. ನಾ ಎಲ್ಲರಿಗೂ ಸೂರ್ಯವಂಶ ಹಾಕೀನಿ. ನಂದೂ ಸೂರ್ಯವಂಶ, ರಾಜುಂದೂ ಸೂರ್ಯವಂಶ. ನಿಮ್ದೂ ಅದೇ," ಎಂದು ಹಾಕಿಯೇ ಬಿಟ್ಟರು. ಮರುದಿನ ಹನ್ನೆರಡಕ್ಕೆ ಕೆಂಪು ಮೇಲಂಗಿ ಹೊದ್ದು ಹೆಬ್ಬಾಗಿಲಲ್ಲಿ ನಿಂತೆ. ಅಂಗಳದಲ್ಲಿ ಕುಳಿತಿದ್ದ ಅಷ್ಟೂ ಜನ ಎದ್ದು ನಿಂತರು. ಆಟದ ನಿಯಮ ಅದು, ಗೊತ್ತು. ಆದರೂ ನಾನು ಬಂದೆ ಎಂದು ನಲವತ್ತರ ಮೇಲಿನ ಗಂಡಸರು ಎದ್ದು ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೊದಲ ಯುದ್ಧದಲ್ಲಿ ನಾವು ಹೀನಾಯವಾಗಿ ಸೋತೆವು. ಶತ್ರುವಿನಿಂದಲ್ಲ, ಬಿಸಿಲಿನಿಂದ. ಮಧ್ಯಾಹ್ನ ಎರಡಕ್ಕೆ ಕಪ್ಪು ದಂಡು ಗೋಡೆ ಹತ್ತುವಾಗ ನಮ್ಮವರ ಫೋನುಗಳು ಕಾದ ಹಂಚಾಗಿ ಒಂದೊಂದೇ ಆರಿಹೋದವು. ಬಿಲ್ಲು ಎಳೆದು ನಿಂತ ರಾಜು ಹಾಗೇ ಮಾಯವಾದ. ಮರುದಿನ ದಳಪತಿಯಾಗಿ ನಾನು ಮೊದಲ ಆಜ್ಞೆ ಹೊರಡಿಸಿದೆ: ಎಲ್ಲರೂ ಮನೆಯ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಚೆನ್ನಾಗಿ ಒರೆಸಿ, ಫೋನನ್ನು ಆ ಬರಿ ಕಲ್ಲಿನ ಮೇಲೆ ಇಟ್ಟೇ ಆಡತಕ್ಕದ್ದು. ಗೌಸ್ ಭಾಯಿ ಗಾಬರಿಬಿದ್ದು, "ಒರಸ್ರಿ, ಛಂದಾಗಿ ಒರಸ್ರಿ! ನೀರ್ ಹೋದ್ರ ನನ್ನ ಕಡೆ ತರಬ್ಯಾಡ್ರಿ!" ಎಂದು ಹತ್ತು ಸಲ ಬರೆದರು. ಆಮೇಲೆ ಆರು ಯುದ್ಧಗಳನ್ನು ಸಾಲಾಗಿ ಗೆದ್ದೆವು. ಉಳಿದ ಆರು ಕೋಟೆಯವರಿಗೆ ನಮ್ಮ ಗುಟ್ಟು ಕೊನೆಯವರೆಗೂ ತಿಳಿಯಲಿಲ್ಲ. ಅವರ ಮನೆಯಲ್ಲಿ ಶಹಾಬಾದ್ ಕಲ್ಲು ಎಲ್ಲಿಂದ ಬರಬೇಕು!

ಹೊಟ್ಟೆಯ ಮೇಲೆ ಬೋರಲು ಮಲಗಿ ನೆಲದ ಮೇಲಿನ ಫೋನು ಕುಟ್ಟುವ ಸೊಸೆಯನ್ನು ನೋಡಿ ಅತ್ತೆ ಮೊದಮೊದಲು ಮೂಗು ಮುರಿದರು. ಆಮೇಲೆ ಪಕ್ಕದಲ್ಲೇ ಕುಳಿತು ಬೀಸಣಿಗೆ ಬೀಸುತ್ತ, "ಎಡಕ್ಕ ಒಬ್ಬಾವ ಬರಾಕತ್ತಾನ ನೋಡು," ಎನ್ನುವಷ್ಟಾದರು.

ಕೋಟೆಯಲ್ಲಿ ಮದ್ದು ಕೊಡುವವಳ ಹೆಸರು ವನದೇವಿ. ಹಸಿರು ಹೊದಿಕೆ, ಕೈಯಲ್ಲಿ ಬೇರಿನ ಬುಟ್ಟಿ. ಯಾರಿಗೆ ಪೆಟ್ಟಾದರೂ ತಡಮಾಡದೆ ಬರುತ್ತಿದ್ದಳು, ಆದರೆ ಮಾತಿಲ್ಲ. "ಅವ್ರು ವಯಸ್ಸಾದವ್ರು ರೀ, ಬರಿಲಿಕ್ಕ ಬರಂಗಿಲ್ಲ. ದನಿ ಹೆಂಗ ಕಳಸೋದು ಅಂತ ಕಲಸಾಕತ್ತೀನಿ," ಎಂದಿದ್ದರು ಭಾಯಿ. ನಾನು ಮಾತ್ರ ಬರೆದೇ ಮಾತಾಡುತ್ತಿದ್ದೆ. ದಳಪತಿಗೆ ಹೆಣ್ಣು ದನಿ ಬಂದರೆ ಹುಡುಗರು ನಕ್ಕಾರು ಎಂಬ ಅಂಜಿಕೆ.

ಮೇ ಮೊದಲ ವಾರ ಒಂದು ಮಧ್ಯಾಹ್ನ ವನದೇವಿಯ ದನಿ ಬಂತು. ರಾಜುವಿನ ಗಾಯಕ್ಕೆ ಮದ್ದು ಹಚ್ಚುತ್ತ, "ಯಾಕಪ್ಪ ತಮ್ಮ, ಮುಂದ ನೋಡಿ ನಡೀಬಾರದಾ? ಎಷ್ಟ್ ಸಲ ಬೀಳ್ತಿ ಹಾಂಗ?" ಎಂದಿತು.

ಆ ದನಿ ನನಗೆ ಗೊತ್ತು. ಹನ್ನೊಂದು ತಿಂಗಳು ದಿನಾ ಬೆಳಗ್ಗೆ ಮೆಟ್ಟಿಲ ಕೆಳಗಿನಿಂದ "ಎದ್ದಿಯೇನವ್ವ ಟೀಚರ್?" ಎಂದು ಕೂಗುತ್ತಿದ್ದ ದನಿ. ಸೇಡಂನ ಗುರಮ್ಮ.

ಇದನ್ನು ಬಿಡಿಸಿ ಹೇಳಬೇಕು. ನೌಕರಿಯ ಮೊದಲ ವರ್ಷ ನನ್ನನ್ನು ಸೇಡಂಗೆ ಹಾಕಿದ್ದರು. ಬಾಡಿಗೆಗೆ ಒಂದು ಕೋಣೆ ಬೇಕಿತ್ತು. ಆರು ಮನೆ ತಿರುಗಿದೆ. ಆರೂ ಮನೆಯಲ್ಲಿ ನಗುನಗುತ್ತ ಮಾತಾಡಿಸಿ, ಕೊನೆಗೆ "ನೀವು ಯಾವ ಮಂದಿ ರೀ?" ಎಂದು ಕೇಳಿದರು. ನಾವು ಬೌದ್ಧರು, ಶಹಾಬಾದಿನ ಇಂಥ ಓಣಿಯವರು ಎಂದು ಹೇಳಿದೆ. ಆರೂ ಮನೆಯಲ್ಲಿ ಕೋಣೆ ಅದೇ ಗಳಿಗೆಯಲ್ಲಿ ಯಾರಿಗೋ ಮಾತು ಕೊಟ್ಟಾಗಿಬಿಟ್ಟಿತ್ತು. ಏಳನೆಯದು ಗುರಮ್ಮನ ಮನೆ, ಮಾಳಿಗೆಯ ಮೇಲೊಂದು ಖೋಲಿ. ಆಕೆ ಅದೇ ಪ್ರಶ್ನೆ ಕೇಳಿದಾಗ, ನನ್ನ ಜೊತೆ ಬಿಸಿಲಲ್ಲಿ ಅಲೆದು ಬೇಸತ್ತಿದ್ದ ಶಾಲೆಯ ಜವಾನ, "ನಿಮ್ಮ ಮಂದಿನೇ ರೀ ಅವ್ವ," ಎಂದುಬಿಟ್ಟ. ನಾನು ತುಟಿ ಬಿಚ್ಚಲಿಲ್ಲ. ಸುಳ್ಳು ಅವನದು ಇರಬಹುದು, ಆ ಸುಮ್ಮನಿರುವಿಕೆ ನನ್ನದೇ.

ಹನ್ನೊಂದು ತಿಂಗಳು ಬುದ್ಧನ ಚಿತ್ರ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿತ್ತು. ಅವ್ವ ಅಪ್ಪ ಬರುತ್ತೇವೆಂದರೆ ಏನೋ ನೆಪ ಹೇಳಿ ಬೇಡವೆನ್ನುತ್ತಿದ್ದೆ. ಗುರಮ್ಮನಂಥ ಒಳ್ಳೆಯ ಹೆಂಗಸನ್ನು ನಾನು ಕಂಡಿಲ್ಲ. ಜ್ವರ ಬಂದಾಗ ಮೂರು ದಿನ ತಲೆಗೆ ಒದ್ದೆ ಬಟ್ಟೆ ಹಾಕಿದಳು. ಭಾನುವಾರ ತಲೆಗೆ ಎಣ್ಣೆ ಹಚ್ಚಿ ಹಿಕ್ಕುತ್ತಿದ್ದಳು. ಆಕೆ ಒಳ್ಳೆಯವಳಾದಷ್ಟೂ ನನಗೆ ಆ ಮನೆಯಲ್ಲಿರುವುದು ಕಷ್ಟವಾಯಿತು. ಚಿತ್ತಾಪುರಕ್ಕೆ ವರ್ಗವಾದಾಗ ಕಳ್ಳಿಯಂತೆ ಸಾಮಾನು ಕಟ್ಟಿದೆ. ಬಂದು ಹೋಗುತ್ತೇನೆಂದು ಹೇಳಿ, ಫೋನು ನಂಬರು ಬದಲಿಸಿ, ಮತ್ತೆ ಆ ಓಣಿಯ ಕಡೆ ತಲೆಹಾಕಲಿಲ್ಲ. ಹದಿನೈದು ವರ್ಷವಾಗಿತ್ತು.

ಆಕೆಗೆ ದಳಪತಿ ಯಾರೆಂದು ತಿಳಿಯುವ ದಾರಿ ಇರಲಿಲ್ಲ. ದನಿ ಕಳಿಸುವುದು ಕಲಿತ ಮೇಲೆ ಗುರಮ್ಮನ ಬಾಯಿಗೆ ಬಿಡುವಿಲ್ಲದಂತಾಯಿತು. ಕಾವಲಿನ ಹೊತ್ತಲ್ಲಿ ಎಲ್ಲರಿಗೂ ಕಥೆ. ಸೊಸೆ ಬ್ಯಾಂಕಿಗೆ ಹೋಗುವುದು, ಮಗನ ಕಿರಾಣಿ ಅಂಗಡಿ, ಮೊಮ್ಮಕ್ಕಳ ಗಲಾಟೆ. ಒಂದು ದಿನ ಖೋಲಿಯ ಮಾತು ಬಂತು.

"ಭಾಳ ಮಂದಿ ಬಂದು ಹೋದ್ರಪ್ಪ ಬಾಡಗಿಗೆ. ಆದ್ರ ಒಬ್ಬಾಕಿ ಟೀಚರ್ ಇದ್ಲು ನೋಡು, ಸುಜಾತಾ ಅಂತ. ಹೊಟ್ಟಿಲೆ ಹುಟ್ಟಿದ ಮಗಳಾಂಗ ಇದ್ಲು. ನಮ್ಮ ಮಂದಿಯಾಕಿನೇ. ಅಷ್ಟ್ ಛಲೋ ಹುಡುಗಿ, ಹೋದಾಕಿ ತಿರುಗಿ ನೋಡ್ಲಿಲ್ಲ. ನಾ ಏನ್ ತಪ್ಪ ಮಾಡಿದ್ನೋ, ಇವತ್ತಿಗೂ ತಿಳಿವಲ್ದು."

ಹೆಬ್ಬಾಗಿಲಲ್ಲಿ ದಳಪತಿ ಕೆಂಪು ಮೇಲಂಗಿಯಲ್ಲಿ ನೆಟ್ಟಗೆ ನಿಂತಿದ್ದ. ಶಹಾಬಾದಿನ ನೆಲದ ಮೇಲೆ ಸುಜಾತಾ ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹದಿನೈದು ವರ್ಷದಿಂದ ಆಕೆ ತಪ್ಪನ್ನು ತನ್ನಲ್ಲಿ ಹುಡುಕುತ್ತ ಕುಳಿತಿದ್ದಳು ಎಂಬುದು ನನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ.

ಹೇಳಿಬಿಡಬೇಕೆಂದು ದಿನಾ ಎದ್ದಾಗ ಅಂದುಕೊಳ್ಳುತ್ತಿದ್ದೆ. ಹನ್ನೆರಡಾಗುವಷ್ಟರಲ್ಲಿ ಧೈರ್ಯ ಉಡುಗಿಹೋಗುತ್ತಿತ್ತು. ಹೇಳಿದರೆ ಕೆಂಪು ಮೇಲಂಗಿಯೂ ಹೋಗುತ್ತದೆ, ಎದ್ದು ನಿಲ್ಲುವ ಮೂವತ್ತು ಜನರೂ ಹೋಗುತ್ತಾರೆ. ನಗಬೇಡಿ, ಆ ಮೇಲಂಗಿ ನನಗೆ ಬೇಕಾಗಿತ್ತು. ಭಾಳ ಬೇಕಾಗಿತ್ತು.

ಅಷ್ಟರಲ್ಲಿ ಪಟ್ಟದ ದಿನ ಬಂತು. ನಲವತ್ತು ದಿನ ಕೋಟೆ ಕಾಯ್ದ ದಳಪತಿಗೆ ಪಟ್ಟ ಕಟ್ಟುವ ಪದ್ಧತಿ ಆ ಆಟದಲ್ಲಿದೆ. ಕಟ್ಟಿದರೆ ಪದವಿ ಕಾಯಂ. ಅಂಗಳದಲ್ಲಿ ಎಲ್ಲರ ಎದುರು ದಳಪತಿ ತನ್ನ ಮನೆತನದ ಮೂರು ತಲೆಮಾರು ಹೇಳಬೇಕು. ಕೋಟೆಯ ಹಿರಿಯರೊಬ್ಬರು ಅವನ ಕತ್ತಿಯ ಮೇಲೆ ಕೈಯಿಟ್ಟು, ಇದು ನಿಜ, ನಾನು ಜಾಮೀನು ಎನ್ನಬೇಕು. ನಮ್ಮ ಕೋಟೆಯಲ್ಲಿ ಎಲ್ಲರಿಗಿಂತ ಹಿರಿಯಳು ಗುರಮ್ಮ.

"ನಾ ನಿಂದ್ರತೀನಿ ಜಾಮೀನು," ಎಂದಳು ಆಕೆ ಕೂಡಲೇ. "ಹೆಂಥ ದಳಪತಿ ಇದ್ದಾರ! ಒಂದ್ ದಿನ ಯಾರಿಗೂ ಬಿರುಸು ಮಾತಾಡಿಲ್ಲ. ದೊಡ್ಡ ಮನೆತನದವ್ರು ಅಂತ ನೋಡಿದ್ರನೇ ತಿಳೀತದ."

ಅವತ್ತು ಸಂಜೆ ರೊಟ್ಟಿ ಬಡಿಯುತ್ತ ಅತ್ತೆಗೆ ಎಲ್ಲ ಹೇಳಿದೆ. ಸೇಡಂನ ಕಥೆ ಅವರಿಗೂ ಗೊತ್ತಿರಲಿಲ್ಲ. ಅತ್ತೆ ಹದಿಮೂರನೇ ವಯಸ್ಸಿನಿಂದ ಕಲ್ಲಿನ ಖಣಿಯಲ್ಲಿ ತಲೆಯ ಮೇಲೆ ಫರಸಿ ಕಲ್ಲಿನ ಚಪ್ಪಡಿ ಹೊತ್ತವರು. ನೆತ್ತಿಯ ಮೇಲೆ ಈಗಲೂ ಒಂದು ಕಡೆ ಕೂದಲಿಲ್ಲ. ಎಲ್ಲ ಕೇಳಿ, ಒಲೆಯ ಉರಿ ಸಣ್ಣ ಮಾಡಿ, "ಆಟದಾಗೂ ಅದನ್ನೇ ಕೇಳ್ತಾರೇನವ್ವ?" ಎಂದರು.

"ಕೇಳ್ತಾರ್ರಿ ಅತ್ತಿ."

"ಹಂಗಾರ ನೀ ಏನ್ ಹೇಳಾಕಿ?"

"ಸೂರ್ಯವಂಶ ಅಂತ ಬರದದ. ಎಲ್ಲರ್ದೂ ಸುಳ್ಳೇ ಅಲ್ಲೇನ್ರಿ. ಆಟ ಅದು."

ಅತ್ತೆ ರೊಟ್ಟಿ ತಿರುವಿ ಹಾಕಿದರು. "ಉಳದವ್ರು ಆಟಕ್ಕ ಹೇಳ್ತಾರ. ನೀ ಅಂಜಿ ಹೇಳ್ತಿ. ಅಕಿ ಎರಡನೇ ಸಲ ನಿನ್ನ ನಂಬಾಕತ್ತಾಳ, ಅಷ್ಟು ನೆನಪಿಟ್ಟುಕೋ," ಎಂದು ಹೇಳಿ ತಾಟು ತರಲು ಎದ್ದರು.

ಪಟ್ಟ ಭಾನುವಾರ ಸಂಜೆ ನಾಲ್ಕಕ್ಕೆ. ಪಡುವಣದಲ್ಲಿ ಮೋಡ ಕಟ್ಟಿ, ಧೂಳು ಗಾಳಿ ಎದ್ದು, ಓಣಿಯಲ್ಲಿ ಯಾರದೋ ತಗಡು ಬಡಿದುಕೊಳ್ಳುತ್ತಿತ್ತು. ಕರೆಂಟು ಹೋಗಿ ಟವರ್ ಬಂದ್ ಆದರೆ ಸಾಕಪ್ಪ ಎಂದು ಒಳಗೊಳಗೇ ಬೇಡಿಕೊಂಡೆ. ಬೇಡವಾದಾಗಲೆಲ್ಲ ಹೋಗುವ ಕರೆಂಟು ಅವತ್ತು ಮಿಸುಕಲಿಲ್ಲ. ಕೋಟೆಯ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ವನದೇವಿ ಮುಂದೆ ಬಂದು ನನ್ನ ಕತ್ತಿಯ ಮೇಲೆ ಕೈಯಿಟ್ಟಳು. ಕಮ್ಮಾರ ಗೌಸ್ ಭಾಯಿ ಗಂಟಲು ಸರಿಮಾಡಿಕೊಂಡು, "ದಳಪತಿಗಳೇ, ತಮ್ಮ ವಂಶಾವಳಿಯನ್ನು ಸಭೆಗೆ ತಿಳಿಸಿರಿ," ಎಂದರು. ಬಾಯಿಪಾಠ ಮಾಡಿದ್ದರು ಅಂತ ಕಾಣುತ್ತದೆ, ಒಂದೂ ತಪ್ಪಲಿಲ್ಲ.

ನಾನು ಬರೆಯಲಿಲ್ಲ. ಮೊದಲ ಸಲ ದನಿಯ ಗುಂಡಿ ಒತ್ತಿದೆ.

"ವನದೇವಿ ತಾಯಿ, ಕತ್ತಿ ಮ್ಯಾಲಿನ ಕೈ ತಗೀರಿ. ಮೊದ್ಲು ಕೇಳ್ರಿ. ನಮ್ಮಜ್ಜಿ ಸಾಯವ್ವ ಶಹಾಬಾದಿನ ಖಣಿದಾಗ ಕಲ್ಲು ಹೊತ್ತಾಕಿ. ನಮ್ಮಪ್ಪ ಅದೇ ಖಣಿದಾಗ ಉಳಿ ಹಿಡದು ಫರಸಿ ಸೀಳಿದಾಂವ, ಎಡಗೈದು ಎರಡು ಬೊಟ್ಟು ಅಲ್ಲೇ ಬಿಟ್ಟು ಬಂದಾನ. ಮೂರನೇದಾಕಿ ನಾನು. ಸೂರ್ಯವಂಶ ಅಲ್ಲ, ಯಾವ ವಂಶನೂ ಅಲ್ಲ. ಅವ್ವ, ನಿಮ್ಮ ಮಾಳಿಗಿ ಖೋಲಿದಾಗ ಹನ್ನೊಂದು ತಿಂಗಳು ಇದ್ದ ಸುಜಾತಾ ನಾನೇ ರೀ. ನಾವು ನಿಮ್ಮ ಮಂದಿ ಅಲ್ಲ. ಅವತ್ತು ಹೇಳ್ಲಿಲ್ಲ. ನೀವು ಏನೂ ತಪ್ಪು ಮಾಡಿಲ್ಲ. ಹೇಳಾಕ ಅಂಜಿ ನಾ ತಿರುಗಿ ಬರ್ಲಿಲ್ಲ."

ಆಮೇಲೆ ಮನೆತನದ ಖಾನೆ ತೆರೆದು ಸೂರ್ಯವಂಶ ಅಳಿಸಿದೆ. ಆಟ ಕೊಟ್ಟ ಪಟ್ಟಿಯಲ್ಲಿ ಕೊನೆಗೆ 'ಸಾಮಾನ್ಯ' ಎಂದಿತ್ತು. ಅದನ್ನು ಒತ್ತಿದೆ. ಮರುಕ್ಷಣವೇ ಮೇಲಂಗಿ ಮಾಯ, ಕುದುರೆ ಮಾಯ. ಕೈಯಲ್ಲೊಂದು ಈಟಿ ಹಿಡಿದ ಕಾಲಾಳು ಅಂಗಳದ ನಡುವೆ ನಿಂತಿದ್ದಳು. ವನದೇವಿಯ ಹೆಸರಿನ ಮುಂದಿನ ದೀಪ ಆರಿತು, ಗುರಮ್ಮ ಆಟದಿಂದ ಹೊರಗೆ ಹೋಗಿದ್ದಳು.

ಇಬ್ಬರು ಮೂವರು ಮಾತಿಲ್ಲದೆ ಕೋಟೆ ಬಿಟ್ಟು ಹೋದರು. ಯಾರು, ಯಾಕೆ ಎಂದು ನಾನು ಕೇಳಲಿಲ್ಲ. ಗೌಸ್ ಭಾಯಿ, "ವಂಶ ಹಾಕಿದಾಂವ ನಾನು ರೀ, ಗಲತಿ ನಂದು," ಎಂದು ಒದ್ದಾಡಿದರು. ರಾಜು, "ನಮ್ಮಪ್ಪಂದೂ ಹಳಿ ಬಡಿಯೋ ಕೆಲಸನೇ ಅಕ್ಕ, ನಾ ಎಲ್ಲಿಯ ಸೂರ್ಯವಂಶ," ಎಂದು ನಗಿಸಲು ನೋಡಿದ. ನನಗೆ ಅಳು ಬಂತು. ಹೊರಗೆ ನಾಲ್ಕು ಹನಿ ಬಿದ್ದು ನಿಂತುಹೋಯಿತು. ಮಣ್ಣು ನೆನೆಯಲೂ ಇಲ್ಲ.

ಮುಂದಿನ ಆರು ದಿನ ನಾನು ಹೆಬ್ಬಾಗಿಲಲ್ಲಿ ಈಟಿ ಹಿಡಿದು ಕಾವಲು ನಿಂತೆ. ದಳಪತಿಯ ಜಾಗ ಖಾಲಿಯೇ ಇತ್ತು. ಮದ್ದು ಕೊಡುವವರಿಲ್ಲದೆ ರಾಜು ಎರಡು ಸಲ ಸತ್ತ. ಅತ್ತೆ ಪಕ್ಕದಲ್ಲಿ ಕುಳಿತು ಬೀಸಣಿಗೆ ಬೀಸುತ್ತಿದ್ದರು. ನನ್ನವರು ಡ್ಯೂಟಿ ಮುಗಿಸಿ ಬಂದು, ಸೇಡಂ ಬಸ್ಸಿಗೆ ಹತ್ತಿಸಲೇನು, ಹೋಗಿ ಮಾತಾಡಿ ಬರ್ತೀಯೇನು ಎಂದರು. ಹೋಗುವ ಮುಖ ನನಗಿರಲಿಲ್ಲ.

ಶಾಲೆ ತೆರೆಯುವ ಹಿಂದಿನ ದಿನ, ಮಧ್ಯಾಹ್ನ ಮೂರರ ಹೊತ್ತಿಗೆ, ವನದೇವಿಯ ದೀಪ ಹತ್ತಿತು. ಹಸಿರು ಹೊದಿಕೆ ಯಾರ ಕಡೆಗೂ ನೋಡದೆ ಅಂಗಳ ದಾಟಿ ನೇರ ಹೆಬ್ಬಾಗಿಲಿಗೆ ಬಂತು.

"ಸುಜಾತಾ, ಅದೀಯೇನಿಲ್ಲಿ?"

"ಅದೀನ್ರಿ ಅವ್ವ."

"ಆರು ದಿನ ಸಿಟ್ಟು ಮಾಡ್ಕೊಂಡು ಕುಂತಿದ್ದೆ. ನಿನ್ನ ಮ್ಯಾಲ ಸಿಟ್ಟು ಅಂತ ತಿಳಕೊಂಡಿದ್ದೆ." ಆಕೆಯ ಹಿಂದೆ ಮೊಮ್ಮಕ್ಕಳು ಕೂಗಾಡುವುದು ಕೇಳುತ್ತಿತ್ತು. "ಗೊತ್ತಿದ್ರ ನಾ ಖೋಲಿ ಕೊಡ್ತಿದ್ದಿಲ್ಲವ್ವ. ಸುಳ್ಳ್ ಯಾಕ ಹೇಳ್ಲಿ? ಬಾಗಲದಾಗೇ ನಿಂದ್ರಿಸಿ, ಖಾಲಿ ಇಲ್ಲ ಅಂತ ಕಳಸ್ತಿದ್ದೆ. ಹಾಂಗ ಎಷ್ಟ್ ಮಂದಿನ್ನ ಕಳಸೀನಿ ಅಂತ ಈ ಆರು ದಿನದಾಗ ಒಬ್ಬೊಬ್ಬರ ಮಾರಿ ನೆನಪ ಮಾಡ್ಕೊಂಡೆ."

ನೆಲದ ಮೇಲೆ ಫೋನಿನ ಪಕ್ಕ ಕೆನ್ನೆ ಇಟ್ಟು ಕೇಳುತ್ತಿದ್ದೆ.

"ಈಗ ಜರಾ ಹೊತ್ತಿನ ಮುಂದ ಒಬ್ಬಾಕಿ ಹುಡುಗಿ ಬಂದಿದ್ಲು. ದವಾಖಾನಿದಾಗ ನರ್ಸ್ ಅಂತ. ಬಿಸಲಾಗ ತಿರುಗಿ ತಿರುಗಿ ಮಾರಿ ಕೆಂಪಗಾಗಿತ್ತು. ಯಾವ ಮಂದಿ ಅಂತ ಕೇಳಬೇಕಂತ ಬಾಯಿ ತಗದೆ. ಅಕಿ ನೆಲ ನೋಡಾಕತ್ತ್ಲು ನೋಡವ್ವ. ನೀನೂ ಅವತ್ತು ಹಾಂಗೇ ನೆಲ ನೋಡಿದ್ದಿ. ಕೇಳ್ಲಿಲ್ಲ ನಾನು. ಒಳಗ ಕರದು ಕೀಲಿ ಕೊಟ್ಟು ಮ್ಯಾಲ ಕಳಿಸಿಬಿಟ್ಟೆ. ಗಡಿಬಿಡಿದಾಗ ಅಕಿ ಹೆಸ್ರು ಕೇಳೋದೂ ಮರ್ತೀನಿ."

ಗುರಮ್ಮ ಮೂಗು ಸೆಳೆದುಕೊಂಡದ್ದು ಕೇಳಿಸಿತು. ಹಸಿರು ಹೊದಿಕೆ ನನ್ನೆದುರು, ಈಟಿ ಹಿಡಿದ ಕಾಲಾಳಿನೆದುರು, ತಲೆ ಬಾಗಿಸಿತು.

"ಈಗ ಆ ಹುಡುಗಿನ್ನ ಊಟಕ್ಕ ಕರೀಬೇಕು. ಏನಂತ ಕರೀಲಿ, ಹೇಳ್ರಿ ದಳಪತಿಗಳೇ."